ಮರವೇ ಇಲ್ಲದ ‘ಫಾರೆಸ್ಟ್’: ವೇಲ್ಸಿನ ರಾಡ್ನರ್ ಗುಡ್ಡಗಳಲ್ಲಿ ಯಾರಾದರೂ ನಡೆದಿದ್ದೀರಾ?

ಬಯಲುಸೀಮೆ ಬರ್ಮಿಂಗ್‌ಹ್ಯಾಮ್ (ಭಾನುವಾರ, ರಾತ್ರಿ 9:40)

ಎಲ್ಲರಿಗೂ ನಮಸ್ಕಾರ. ವೇಲ್ಸ್ ಅಂದ ತಕ್ಷಣ ನಮ್ಮವರು ಸ್ನೋಡನ್‌ಗೆ ಓಡುತ್ತಾರೆ, ಇಲ್ಲವಾದರೆ ಪೆನ್ ಅ ವ್ಯಾನ್‌ಗೆ. ನಾನೂ ಎರಡೂ ಹತ್ತಿದ್ದೇನೆ. ಪೆನ್ ಅ ವ್ಯಾನ್ ತುದಿಯಲ್ಲಿ ಫೋಟೋಗೆ ಸಾಲು ನಿಂತಾಗ ಧರ್ಮಸ್ಥಳದ ಕ್ಯೂ ನೆನಪಾಗಿತ್ತು. ಈ ಸಲ ಊರಿಂದ ಅಪ್ಪ ಬಂದಿದ್ದರು. ಚಳ್ಳಕೆರೆ ಕಡೆಯವರು, ವಯಸ್ಸು 68. ಕುರಿ ಹಿಂದೆ ನಡೆದು ಬೆಳೆದವರು. ‘ಜನ ಇಲ್ಲದ ಕಡೆ ಕರ್ಕೊಂಡು ಹೋಗಪ್ಪ, ಮಾಲ್ ಸಾಕು’ ಅಂದರು. ನಕ್ಷೆಯಲ್ಲಿ ಹುಡುಕಿದಾಗ ಕಣ್ಣಿಗೆ ಬಿದ್ದದ್ದು ರಾಡ್ನರ್ ಫಾರೆಸ್ಟ್. ಇಂಗ್ಲೆಂಡಿನ ಗಡಿ ದಾಟಿ ಸ್ವಲ್ಪವೇ ದೂರ, ಪೊವಿಸ್ ಕೌಂಟಿಯಲ್ಲಿ, ಎ44 ರಸ್ತೆಯ ಮಗ್ಗುಲಲ್ಲಿದೆ.

ಹೆಸರು ಕೇಳಿ ಇಬ್ಬರೂ ಕಾಡು ಅಂದುಕೊಂಡಿದ್ದೆವು. ನ್ಯೂ ರಾಡ್ನರ್ ಊರಲ್ಲಿ ಕಾರು ನಿಲ್ಲಿಸಿ ತಲೆ ಎತ್ತಿದರೆ ಬರೀ ಹುಲ್ಲು. ಬೋರಲು ಹಾಕಿದ ಮಡಕೆಗಳ ಹಾಗೆ ಬೋಳು ಗುಡ್ಡಗಳು. ಅಲ್ಲಲ್ಲಿ ಇಳಿಜಾರಿನಲ್ಲಿ ನೆಟ್ಟ ಸೂಚಿಪರ್ಣ ಮರಗಳ ತೋಪು, ಅಷ್ಟೇ.

ಊರ ಹಿಂದಿನಿಂದ ಮೇಲೆ ಹೋಗುವ ಕಿರುದಾರಿಯ ಹೆಸರು ಮಟನ್ ಡಿಂಗಲ್. ಡಿಂಗಲ್ ಅಂದರೆ ಮರಗಿಡ ಇರುವ ಇಕ್ಕಟ್ಟಾದ ಹಳ್ಳ. ‘ಮಟನ್ ಹಳ್ಳ! ನಮ್ಮೂರಿಗೂ ಇಂಥ ಹೆಸರು ಇಡಬಹುದಿತ್ತು’ ಅಂತ ಅಪ್ಪ ನಕ್ಕರು. ಮೊದಲು ವಿಂಬಲ್ ಗುಡ್ಡ, 599 ಮೀಟರ್. ಸಣ್ಣದು, ಆದರೆ ಮೈ ಕಡಿದಾಗಿದೆ. ಆಮೇಲೆ ಬೇಚ್ ಹಿಲ್, 610. ಅಲ್ಲಿಂದ ಟವರ್ ಇರುವ ಬ್ಲ್ಯಾಕ್ ಮಿಕ್ಸೆನ್, 650. ಕೊನೆಗೆ ಎಲ್ಲಕ್ಕಿಂತ ಎತ್ತರದ ಗ್ರೇಟ್ ರೋಸ್, 660. ಇದು ಹಳೆಯ ರಾಡ್ನರ್‌ಶೈರ್ ಕೌಂಟಿಯ ತುತ್ತತುದಿ. ಒಟ್ಟು ನನ್ನ ಫೋನ್ ಹೇಳಿದ್ದು 17 ಕಿ.ಮೀ. ಚಿಲ್ಲರೆ. ಇಡೀ ದಿನ ನಮಗೆ ಸಿಕ್ಕವರು ನಾಯಿ ಜೊತೆ ಬಂದ ಒಬ್ಬ ಅಜ್ಜಿ ಮಾತ್ರ.

ಬೇಚ್ ಹಿಲ್ ಇಳಿಯುವಾಗ ಒಂದು ಘಟನೆ ನಡೆಯಿತು. ದೂರದಲ್ಲಿ ಒಂದು ಕುರಿ ಅಂಗಾತ ಬಿದ್ದು ನಾಲ್ಕೂ ಕಾಲು ಆಡಿಸುತ್ತಿತ್ತು. ಮಣ್ಣಲ್ಲಿ ಹೊರಳಾಡುತ್ತಿದೆ ಅಂತ ನಾನು ಅಂದುಕೊಂಡೆ. ಅಪ್ಪ ಕೋಲು ಬಿಸಾಕಿ ಓಡಿದರು. 68 ವಯಸ್ಸಿನಲ್ಲಿ ಅವರು ಓಡಿದ್ದು ನಾನು ನೋಡೇ ಇರಲಿಲ್ಲ. ಮಗ್ಗುಲಿನ ಉಣ್ಣೆ ಹಿಡಿದು ಒಂದೇ ಏಟಿಗೆ ಹೊರಳಿಸಿದರು. ಎದ್ದದ್ದು ಮತ್ತೆ ವಾಲಿತು. ಎರಡು ಮೊಣಕಾಲ ನಡುವೆ ಅದನ್ನು ಹಿಡಿದು ಐದು ನಿಮಿಷ ನಿಂತರು. ಅದರ ಜೊತೆ ಮಾತಾಡಿದರು, ಕನ್ನಡದಲ್ಲೇ. ಆಮೇಲೆ ಅದು ತೇಗಿ, ಪಿಚಿಕ್ ಅಂತ ಹಿಕ್ಕೆ ಹಾಕಿ ಹೊರಟಿತು. ಅಪ್ಪನ ಮುಖದಲ್ಲಿ ಬಂದ ಕಳೆ ಲಂಡನ್ ತೋರಿಸಿದಾಗಲೂ ಬಂದಿರಲಿಲ್ಲ.

ಮಧ್ಯಾಹ್ನ ಮೋಡ ಇಳಿಯಿತು. ಗ್ರೇಟ್ ರೋಸ್ ನೆತ್ತಿ ಹಾಸಿಗೆ ಹಾಗೆ ಚಪ್ಪಟೆ. ಯಾವ ಕಡೆ ಇಳಿಜಾರು ಅಂತಾನೇ ತಿಳಿಯಲಿಲ್ಲ. ಫೋನ್ ಚಾರ್ಜ್ 9%. ಕಾಲು ಹೋದ ಕಡೆ ಇಳಿದರೆ ಬೇಲಿ, ಅದರ ಮೇಲೆ ಅಪಾಯದ ಬೋರ್ಡ್. ಹೆದರಿ ವಾಪಸ್ ಬಂದೆವು.

ನನ್ನ ಪ್ರಶ್ನೆಗಳು: ಆ ಬೋರ್ಡ್ ಏನು? ಮರ ಇಲ್ಲದ ಜಾಗಕ್ಕೆ ಫಾರೆಸ್ಟ್ ಅಂತ ಯಾಕೆ? ನಿಮ್ಮಲ್ಲಿ ಬೇರೆ ಯಾರಾದರೂ ಹೋಗಿದ್ದೀರಾ?

ಕಾರ್ಡಿಫ್ ಕಾಫಿಪುಡಿ (ರಾತ್ರಿ 10:05)

ಅಪ್ಪನಿಗೆ ನಮಸ್ಕಾರ ಹೇಳಿ. ಆದರೆ ಬೇಜಾರು ಮಾಡ್ಕೋಬೇಡಿ, ಅಷ್ಟು ದೂರ ಹೋಗಿ 660 ಮೀಟರಿನ ಹುಲ್ಲುಗುಡ್ಡ ಹತ್ತೋದು ಯಾಕೆ? ನಂದಿ ಬೆಟ್ಟವೇ 1,478. ಮುಳ್ಳಯ್ಯನಗಿರಿ 1,930. ಫೋಟೋದಲ್ಲಿ ಏನೂ ಕಾಣಲ್ಲ. ಪೆನ್ ಅ ವ್ಯಾನ್ 886, ಮೇಲಾಗಿ ಕಲ್ಲು ಹಾಸಿದ ದಾರಿ.

ಹೆರಿಫರ್ಡ್ ಡಾಕ್ಟ್ರು (ರಾತ್ರಿ 10:50)

ಕಾಫಿಪುಡಿಯವರೇ, ಎತ್ತರದ ಲೆಕ್ಕ ಇಲ್ಲಿ ಮೋಸ ಮಾಡುತ್ತೆ. ಮೇ ತಿಂಗಳಲ್ಲೂ ಅಲ್ಲಿ ಗಾಳಿ ಮೂಳೆ ಹೊಕ್ಕುತ್ತೆ. ನಾನು ಆ ಗುಡ್ಡಗಳಿಗೆ 22 ವರ್ಷದಿಂದ ಹೋಗುತ್ತಿದ್ದೇನೆ. ಮನೆಯಿಂದ ಗಂಟೆಯೊಳಗೆ ತಲುಪುತ್ತೇನೆ.

ಬಯಲುಸೀಮೆಯವರೇ, ಮೊದಲು ಬೋರ್ಡ್ ವಿಷಯ. ನೀವು ಇಳಿದದ್ದು ಹಾರ್ಲಿ ಡಿಂಗಲ್ ಕಡೆಗೆ. ಗ್ರೇಟ್ ರೋಸ್‌ಗೂ ಬ್ಲ್ಯಾಕ್ ಮಿಕ್ಸೆನ್‌ಗೂ ನಡುವೆ ಸೀಳಿದ ಹಾಗಿರುವ ಆಳವಾದ ಕಣಿವೆ ಅದು. ಅಲ್ಲಿ ಮದ್ದುಗುಂಡು ಪರೀಕ್ಷೆ ಮಾಡುತ್ತಾರೆ. ಒಳಗೆ ಕಾಲಿಡುವ ಹಾಗೇ ಇಲ್ಲ. ನೋಡೋಕೆ ತುಂಬ ಚೆಂದ, ಅದೇ ಕಷ್ಟ. ಕಣಿವೆಯ ತಲೆಯನ್ನು ಬಳಸಿಕೊಂಡೇ ಹೋಗಬೇಕು, ಅಡ್ಡದಾರಿ ಹಿಡಿಯಬಾರದು. ಬೇಲಿ ಕಂಡು ಹಿಂದೆ ಬಂದದ್ದು ನೂರಕ್ಕೆ ನೂರು ಸರಿ.

ಫಾರೆಸ್ಟ್ ಅನ್ನೋದು ಇಲ್ಲಿ ಮರದ ಲೆಕ್ಕವಲ್ಲ, ಕಾನೂನಿನ ಲೆಕ್ಕ. ನಾರ್ಮನ್ ರಾಜರ ಕಾಲದಿಂದ ಬೇಟೆಗೆ ಮೀಸಲಿಟ್ಟ ಜಾಗಕ್ಕೆ ಆ ಹೆಸರು. ಹುಲ್ಲಿದ್ದರೂ ಫಾರೆಸ್ಟೇ, ಜೌಗಿದ್ದರೂ ಫಾರೆಸ್ಟೇ. ಗ್ರೇಟ್ ರೋಸ್‌ನಲ್ಲಿ ಗುಲಾಬಿಯೂ ಇಲ್ಲ. ವೆಲ್ಷ್ ಭಾಷೆಯಲ್ಲಿ ‘ರೋಸ್’ ಅಂದರೆ ಎತ್ತರದ ಬಯಲು, ಕುರುಚಲು ಭೂಮಿ. ಇನ್ನು ‘ಮಿಕ್ಸೆನ್’ ಅನ್ನೋದು ಹಳೆಯ ಇಂಗ್ಲಿಷ್ ಆಡುಮಾತು. ಅರ್ಥ ಗೊತ್ತಾ? ತಿಪ್ಪೆ!

ಬಯಲುಸೀಮೆ ಬರ್ಮಿಂಗ್‌ಹ್ಯಾಮ್ (ರಾತ್ರಿ 11:02)

ಕರಿ ತಿಪ್ಪೆ! ಡಾಕ್ಟ್ರೇ, ನಮ್ಮ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಒಕ್ಕಲಿನವರಿಗೆ ಇದಕ್ಕಿಂತ ಒಳ್ಳೆ ಹೆಸರು ಬೇಕಾ. ಅಪ್ಪನಿಗೆ ಈಗಲೇ ಎಬ್ಬಿಸಿ ಹೇಳ್ತೀನಿ.

ದನದ ಡಾಕ್ಟ್ರಮ್ಮ (ಸೋಮವಾರ, ಬೆಳಿಗ್ಗೆ 7:15)

ಎಲ್ಲರೂ ಕುರಿಯನ್ನು ಬಿಟ್ಟು ಹೆಸರಿನ ಹಿಂದೆ ಹೋಗಿದ್ದೀರಿ. ನಿಮ್ಮ ಅಪ್ಪ ಆವತ್ತು ಒಂದು ಜೀವ ಉಳಿಸಿದ್ದಾರೆ. ಅಂಗಾತ ಬಿದ್ದ ಕುರಿಗೆ ಇಲ್ಲಿ ‘ಕಾಸ್ಟ್’ ಆಗಿದೆ ಅಂತಾರೆ. ಮೇ ಕೊನೆ, ಜೂನ್ ಹೊತ್ತಿಗೆ ಇನ್ನೂ ಉಣ್ಣೆ ಕತ್ತರಿಸಿರಲ್ಲ. ಮಳೆ ನೆನೆದು ಮೈ ಭಾರ ಆಗಿರುತ್ತೆ. ಬೆನ್ನು ತುರಿಸಿಕೊಳ್ಳಲು ಹೊರಳುತ್ತೆ, ಮತ್ತೆ ಏಳೋಕೆ ಆಗಲ್ಲ. ಗಬ್ಬದ ಕುರಿಗಳಿಗೂ ಹೀಗಾಗುತ್ತೆ. ಮೇವು ಹುದುಗುವ ದೊಡ್ಡ ಹೊಟ್ಟೆಯಲ್ಲಿ ಗಾಳಿ ತುಂಬುತ್ತಾ ಹೋಗುತ್ತೆ. ಅಂಗಾತ ಇರುವಾಗ ತೇಗಿ ಹೊರಹಾಕೋಕೆ ಆಗಲ್ಲ. ಉಬ್ಬಿದ ಹೊಟ್ಟೆ ಶ್ವಾಸಕೋಶದ ಮೇಲೆ ಕೂರುತ್ತೆ. ಕೆಲವೇ ಗಂಟೆಗಳಲ್ಲಿ ಸಾಯಬಹುದು. ಅಷ್ಟರೊಳಗೆ ಕಾಗೆಗಳು ಕಣ್ಣಿಗೆ ಬರುತ್ತವೆ.

ಬೇರೆ ಸಮಯದಲ್ಲಿ ಮಂದೆಯ ಹತ್ತಿರ ಹೋಗಬೇಡಿ, ಬೆದರಿಸಬೇಡಿ. ಇದೊಂದು ಸಂದರ್ಭದಲ್ಲಿ ಮಾತ್ರ ಹೋಗಲೇಬೇಕು. ಮಗ್ಗುಲ ಉಣ್ಣೆ ಗಟ್ಟಿಯಾಗಿ ಹಿಡಿದು ಹೊರಳಿಸಿ. ಕಾಲು ಹಿಡಿದು ಎಳೆಯಬೇಡಿ. ಎದ್ದ ಮೇಲೆ ತಕ್ಷಣ ಬಿಟ್ಟರೆ ಮತ್ತೆ ಬೀಳುತ್ತೆ. ಹೊಟ್ಟೆಯ ಗಾಳಿ ಹೊರಟು ಕಾಲು ನಿಲ್ಲುವವರೆಗೆ ಹಿಡಿದಿರಬೇಕು. ಮೊಣಕಾಲ ನಡುವೆ ಹಿಡಿದು ನಿಂತರು ಅಂದಿರಲ್ಲ, ನಾವು ಕಾಲೇಜಿನಲ್ಲಿ ಕಲಿತದ್ದನ್ನು ಅವರು ಹಟ್ಟಿಯಲ್ಲೇ ಕಲಿತಿದ್ದಾರೆ.

ಮೂಡಿಗೆರೆ ಮಳೆ (ಸೋಮವಾರ, ಮಧ್ಯಾಹ್ನ 1:20)

ನಾನು ಊರಿಂದಲೇ ಓದುತ್ತಿದ್ದೇನೆ, ವೇಲ್ಸ್ ನೋಡಿಲ್ಲ. ಬೋಳುಗುಡ್ಡ ಅಂದಾಕ್ಷಣ ಕಿವಿ ನೆಟ್ಟಗಾಯಿತು. ನಮ್ಮ ಕುದುರೆಮುಖ, ಬಾಬಾಬುಡನ್‌ಗಿರಿ ನೆತ್ತಿಯಲ್ಲೂ ಹುಲ್ಲೇ. ಸಂದುಗಳಲ್ಲಿ ಮಾತ್ರ ಶೋಲಾ ಕಾಡು. ರಾಡ್ನರ್ ಹುಲ್ಲೂ ಹಾಗೇ ತಾನಾಗಿ ಬಂದದ್ದಾ?

ಹೆರಿಫರ್ಡ್ ಡಾಕ್ಟ್ರು (ಸೋಮವಾರ, ಸಂಜೆ 6:30)

ನೋಡೋಕೆ ಒಂದೇ ಥರ, ಹುಟ್ಟು ಬೇರೆ. ವೇಲ್ಸಿನ ಗುಡ್ಡಗಳ ಮೇಲೆ ಹಿಂದೆ ತಕ್ಕಮಟ್ಟಿಗೆ ಮರಗಳಿದ್ದವು. ಶಿಲಾಯುಗ, ಕಂಚುಯುಗದ ಜನ ಕಡಿಯುತ್ತಾ, ಮೇಯಿಸುತ್ತಾ ಬಂದರು. ಮಳೆ, ಜೌಗು ಮಣ್ಣು ಸೇರಿಕೊಂಡವು. ಆಮೇಲೆ ಕುರಿ ಬಾಯಿಗೆ ಸಸಿ ಉಳಿಯಲಿಲ್ಲ. ಆ ಕಂಚುಯುಗದವರು ಇನ್ನೂ ಅಲ್ಲೇ ಮಲಗಿದ್ದಾರೆ. ವಿಂಬಲ್, ಬೇಚ್ ಹಿಲ್ ನೆತ್ತಿಯಲ್ಲಿ ನೀವು ಕಂಡ ಮಣ್ಣಿನ ದಿಬ್ಬಗಳು ಅವರ ಗೋರಿಗಳು. ಅಲ್ಲಿ ಕೂತು ಚಪಾತಿ ತಿಂದಿದ್ದರೆ ಪರವಾಗಿಲ್ಲ, ನಾನೂ ತಿಂದಿದ್ದೇನೆ.

ನಮ್ಮ ಘಟ್ಟದ ಹುಲ್ಲು ಹಾಗಲ್ಲ. ನೀಲಗಿರಿಯ ಜೌಗು ಮಣ್ಣಿನಲ್ಲಿ ಸಿಕ್ಕ ಕುರುಹುಗಳ ಪ್ರಕಾರ ಅಲ್ಲಿ ಹುಲ್ಲುಗಾವಲು 20,000 ವರ್ಷಕ್ಕೂ ಹಿಂದೆಯೇ ಇತ್ತು. ಮನುಷ್ಯ ಮರ ಕಡಿದು ಮಾಡಿದ್ದಲ್ಲ.

ಮೂಡಿಗೆರೆ ಮಳೆ (ಸೋಮವಾರ, ಸಂಜೆ 7:10)

ಆದರೂ ಇಬ್ಬರ ಹಣೆಬರಹ ಒಂದೇ ಅನ್ನಿ. ನಮ್ಮ ಹುಲ್ಲಿನ ಮೇಲೆ ಅಕೇಶಿಯಾ ನೆಟ್ಟರು, ನಿಮ್ಮಲ್ಲಿ ಸೂಚಿಪರ್ಣ. ಹುಲ್ಲು ಕಂಡರೆ ಸಾಕು, ‘ಖಾಲಿ ಬಿದ್ದಿದೆ, ಏನಾದರೂ ಹಾಕೋಣ’ ಅನ್ನಿಸುತ್ತೆ ಜನಕ್ಕೆ.

ಬಯಲುಸೀಮೆ ಬರ್ಮಿಂಗ್‌ಹ್ಯಾಮ್ (ಸೋಮವಾರ, ರಾತ್ರಿ 8:45)

ಇದನ್ನು ಅಪ್ಪನಿಗೆ ಓದಿ ಹೇಳಿದೆ. ಬೇಟೆಗೆ ಮೀಸಲು ಅಂದಾಗಲೇ ತಲೆ ಆಡಿಸಿದರು. ‘ಕಾವಲು ಅನ್ನು ಮತ್ತೆ’ ಅಂದರು. ಸರಿಯಾದ ಮಾತು ಅಲ್ವಾ? ನಮ್ಮ ಕಡೆ ಅಮೃತ್ ಮಹಲ್ ಕಾವಲು ಅಂತ ಇವೆ. ಮೈಸೂರು ಅರಸರ ದನಗಳಿಗೆ ಮೀಸಲಿಟ್ಟ ಹುಲ್ಲುಗಾವಲು. ಅಲ್ಲಿ ರಾಜರ ಜಿಂಕೆಗೆ, ಇಲ್ಲಿ ರಾಜರ ಎತ್ತಿಗೆ.

ಮದ್ದುಗುಂಡಿನ ವಿಷಯ ಕೇಳಿ ಅಪ್ಪ ಸ್ವಲ್ಪ ಹೊತ್ತು ಸುಮ್ಮನಾದರು. ಚಳ್ಳಕೆರೆ ಕಾವಲಿನಲ್ಲಿ ಈಗ ರಕ್ಷಣಾ ಸಂಶೋಧನೆಯ ಡಿಆರ್‌ಡಿಒದವರ ವಿಮಾನ ಪರೀಕ್ಷಾ ನೆಲೆ ಇದೆ. ಇಸ್ರೋ, ಅಣು ಸಂಶೋಧನೆಯ ಬಾರ್ಕ್, ಬೆಂಗಳೂರಿನ ಐಐಎಸ್‌ಸಿಗೂ ಜಾಗ ಕೊಟ್ಟಿದ್ದಾರೆ. ಕಾಂಪೌಂಡ್ ಎದ್ದಿದೆ. ಅಪ್ಪ ಚಿಕ್ಕಂದಿನಲ್ಲಿ ಕುರಿ ಹೊಡ್ಕೊಂಡು ಅಡ್ಡಾಡಿದ ಜಾಗ ಅದು. ದೇಶಕ್ಕೆ ಇಂಥವೂ ಬೇಕು, ಅವರಿಗೆ ಅದು ಗೊತ್ತು. ಆದರೆ ಖಾಲಿ ಜಾಗ ಅಂದರೆ ಮಾತ್ರ ಸಿಟ್ಟು ಬರುತ್ತೆ. ರಾಡ್ನರ್‌ನಲ್ಲೂ ನಾನು ‘ಏನೂ ಇಲ್ಲ’ ಅಂದಾಗ ಬೈದಿದ್ದರು. ಅವರು ಕಂಡದ್ದು ನೆಟ್ಟಗೆ ಮೇಲೇರಿ ಹಾಡುವ ಬಾನಾಡಿ, ಮೊಲದ ಬಿಲ, ಮೂರು ಬಗೆಯ ಹುಲ್ಲು. ಕುರಿ ತಿನ್ನುವುದು ಯಾವುದು, ಬಿಡುವುದು ಯಾವುದು ಅಂತಲೂ ತೋರಿಸಿದರು. ನಾನು ಕಂಡದ್ದು ಸಿಗ್ನಲ್ ಇಲ್ಲದ ಫೋನ್.

ಡಾಕ್ಟ್ರಮ್ಮನಿಗೆ ಅವರದೊಂದು ಪ್ರಶ್ನೆ: ಬೇಲಿ ಇಲ್ಲ, ಕುರಿಗಾಹಿ ಇಲ್ಲ. ಬೆನ್ನ ಮೇಲೆ ನೀಲಿ, ಕೆಂಪು ಬಣ್ಣದ ಗುರುತು ಬಿಟ್ಟರೆ ಏನೂ ಇಲ್ಲ. ಒಬ್ಬರ ಕುರಿ ಇನ್ನೊಬ್ಬರ ಮಂದೆಗೆ ಹೋಗಲ್ವಾ?

ದನದ ಡಾಕ್ಟ್ರಮ್ಮ (ಸೋಮವಾರ, ರಾತ್ರಿ 10:20)

ಅಪ್ಪಾಜಿ ಕೇಳಿದ್ದು ಒಳ್ಳೇ ಪ್ರಶ್ನೆ. ಬಣ್ಣ ಯಜಮಾನನ ಗುರುತು, ಅವರು ಊಹಿಸಿದ್ದು ಸರಿ. ಆದರೆ ಕುರಿಯನ್ನು ಜಾಗದಲ್ಲಿ ಹಿಡಿದಿಡೋದು ಬಣ್ಣ ಅಲ್ಲ, ತಾಯಿ. ಮರಿ ತನ್ನ ಮೊದಲ ಬೇಸಿಗೆಯಲ್ಲಿ ತಾಯಿ ಹಿಂದೆ ತಿರುಗಿ ಇದು ನಮ್ಮ ಮೇವಿನ ಜಾಗ, ಇಲ್ಲಿ ನೀರು, ಗಾಳಿ ಬಂದರೆ ಇಲ್ಲಿ ಮರೆ ಅಂತ ಕಲಿಯುತ್ತೆ. ದೊಡ್ಡದಾದ ಮೇಲೆ ತನ್ನ ಮರಿಗೆ ಕಲಿಸುತ್ತೆ. ಇಂಗ್ಲಿಷಿನಲ್ಲಿ ಇದಕ್ಕೆ ‘ಹೆಫ್ಟಿಂಗ್’ ಅಂತಾರೆ. ವೆಲ್ಷ್‌ನಲ್ಲಿ ಇನ್ನೂ ಚೆಂದದ ಪದ ಇದೆ, ‘ಕನೆವಿನ್’. ಕುರಿಗೆ ಪರಿಚಯವಾದ ನೆಲ ಅಂತ. ಮನುಷ್ಯರು ತಮ್ಮ ಊರ ಬಗ್ಗೆ ಹೇಳುವಾಗಲೂ ಅದೇ ಪದ.

2001ರಲ್ಲಿ ಕಾಲುಬಾಯಿ ರೋಗ ಬಂದಾಗ ಬ್ರಿಟನ್ನಿನಲ್ಲಿ ಲಕ್ಷಾಂತರ ಕುರಿಗಳನ್ನು ಕೊಂದರು. ಪೊವಿಸ್‌ಗೂ ಪೆಟ್ಟು ಬಿತ್ತು. ಪರಿಹಾರದ ದುಡ್ಡಲ್ಲಿ ಹೊಸ ಕುರಿ ತರಬಹುದು. ಆದರೆ ಸಂತೆಯಿಂದ ತಂದ ಕುರಿಗೆ ಗುಡ್ಡ ಗೊತ್ತಿರಲ್ಲ. ಅದನ್ನು ಹೊಸದಾಗಿ ಕಲಿಸೋಕೆ ವರ್ಷಗಟ್ಟಲೆ ಕಾಯಬೇಕು.

ನಕ್ಷೆ ನಾಗವೇಣಿ (ಮಂಗಳವಾರ, ಬೆಳಿಗ್ಗೆ 9:00)

ಕುರಿಗೆ ಗುಡ್ಡ ಗೊತ್ತು, ಅಪ್ಪನಿಗೂ ಗೊತ್ತು. ಬಯಲುಸೀಮೆ ಅಣ್ಣಂಗೆ ಮಾತ್ರ ಗೊತ್ತಿಲ್ಲ! 9% ಚಾರ್ಜ್‌ನಲ್ಲಿ ಮೋಡದೊಳಗೆ ಹೋಗಿದ್ದೀರಿ, ಬೈಯದೆ ಇರೋಕೆ ಆಗ್ತಿಲ್ಲ. ಕಾಗದದ ನಕ್ಷೆ, ದಿಕ್ಸೂಚಿ ಒಯ್ಯಿರಿ. ಆರ್ಡ್ನೆನ್ಸ್ ಸರ್ವೆಯವರ ಕಿತ್ತಳೆ ರಟ್ಟಿನ ಎಕ್ಸ್‌ಪ್ಲೋರರ್ ನಕ್ಷೆ, 1:25,000. ಅದರಲ್ಲಿ ಬೇಲಿಯ ಗೆರೆಯೂ ಇರುತ್ತೆ. ಮೋಡದಲ್ಲಿ ಬೇಲಿ ನಿಮ್ಮ ಕೈ ಹಿಡಿದು ನಡೆಸುತ್ತೆ. ಅದೇ ನಕ್ಷೆಯಲ್ಲಿ ತಿಳಿ ಹಳದಿ ಬಳಿದ ಜಾಗ ಕಂಡರೆ ದಾರಿ ಬಿಟ್ಟು ಎಲ್ಲಿ ಬೇಕಾದರೂ ನಡೆಯಬಹುದು. 2000ರ ಕಾನೂನು ಕೊಟ್ಟ ಹಕ್ಕು ಇದು. ವೇಲ್ಸ್‌ನಲ್ಲಿ 2005ರ ಮೇನಲ್ಲಿ ಜಾರಿಗೆ ಬಂತು. ಟಿಕೆಟ್ ಇಲ್ಲ, ಬುಕಿಂಗ್ ಇಲ್ಲ. ನಮ್ಮ ಕುದುರೆಮುಖ ಚಾರಣಕ್ಕೆ ವಾರಗಟ್ಟಲೆ ಮುಂಚೆ ಕಾಯುವವರಿಗೆ ಇದು ಅರ್ಥ ಆಗುತ್ತೆ. ಹಾರ್ಲಿ ಡಿಂಗಲ್‌ಗೆ ಮಾತ್ರ ಈ ಹಕ್ಕು ನಡೆಯಲ್ಲ.

ನಾಯಿ ಇದ್ದರೆ ಇಂಥ ಜಾಗದಲ್ಲಿ ಮಾರ್ಚ್ 1ರಿಂದ ಜುಲೈ 31ರವರೆಗೆ 2 ಮೀಟರಿಗಿಂತ ಉದ್ದ ಇಲ್ಲದ ಹಗ್ಗದಲ್ಲೇ ಇರಬೇಕು. ಮರಿ ಹಾಕುವ ಕಾಲ, ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳ ಕಾಲ.

ಎಷ್ಟು ಹೊತ್ತು ಬೇಕು ಅನ್ನೋದಕ್ಕೆ 1892ರ ನೇಯ್‌ಸ್ಮಿತ್ ಲೆಕ್ಕ ಇವತ್ತಿಗೂ ಸಾಕು. 5 ಕಿ.ಮೀ.ಗೆ ಒಂದು ಗಂಟೆ, 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಾನು ಅದಕ್ಕೆ ಮೂರನೇ ಒಂದು ಭಾಗ ಸೇರಿಸುತ್ತೇನೆ, ಚಹಾ ಮತ್ತು ಹೊಟ್ಟೆಗೆ. ಏನಾದರೂ ಆದರೆ 999ಕ್ಕೆ ಫೋನ್ ಮಾಡಿ ಮೊದಲು ಪೊಲೀಸ್, ಆಮೇಲೆ ಮೌಂಟನ್ ರೆಸ್ಕ್ಯೂ ಅಂತ ಕೇಳಬೇಕು. ಆಂಬುಲೆನ್ಸ್ ಅಂದರೆ ತಡ ಆಗಬಹುದು.

ಕಾರ್ಡಿಫ್ ಕಾಫಿಪುಡಿ (ಮಂಗಳವಾರ, ಮಧ್ಯಾಹ್ನ 12:30)

ಸರಿ, ಸೋತೆ. ನಾನೂ ಹೋಗೋಣ ಅಂತಿದ್ದೇನೆ. ಆದರೆ ಮನೆಯಲ್ಲಿ ಎಂಟು ವರ್ಷದ ಮಗಳು. 17 ಕಿ.ಮೀ. ನಡೆಯಲ್ಲ. ಹುಲ್ಲು ತೋರಿಸಿದರೆ ಒಪ್ಪಲ್ಲ.

ಹೆರಿಫರ್ಡ್ ಡಾಕ್ಟ್ರು (ಮಂಗಳವಾರ, ರಾತ್ರಿ 9:15)

ಹುಲ್ಲು ಬೇಡ, ಡ್ರ್ಯಾಗನ್ ತೋರಿಸಿ. ವೇಲ್ಸಿನ ಕಟ್ಟಕಡೆಯ ಡ್ರ್ಯಾಗನ್ ಇದೇ ರಾಡ್ನರ್ ಫಾರೆಸ್ಟಿನ ಅಡಿಯಲ್ಲಿ ಮಲಗಿದೆ ಅಂತ ಕಥೆ. ಅದು ಏಳದಿರಲಿ ಅಂತ ಸುತ್ತಲೂ ಸಂತ ಮೈಕೇಲನ ಚರ್ಚುಗಳನ್ನು ಕಟ್ಟಿದರಂತೆ. ನಮ್ಮಲ್ಲಿ ಊರ ನಾಲ್ಕು ದಿಕ್ಕಿಗೆ ದೇವರನ್ನು ಕೂರಿಸಿ ದಿಗ್ಬಂಧನ ಮಾಡುವ ಹಾಗೆ. ಕ್ಯಾಸ್ಕಬ್‌ನಲ್ಲಿ ಒಂದು, ಇನ್ನು ಕೆಲವು ‘ಹ್ಲಾನ್‌ವಿಹಾಂಗೆಲ್’ ಅನ್ನುವ ಹೆಸರಿನ ಊರುಗಳಲ್ಲಿ. ಹಾಗೆಂದರೆ ಮೈಕೇಲನ ಚರ್ಚು. ಮೊದಲ ಅಕ್ಷರಕ್ಕೆ ನಮ್ಮ ಳಕಾರ ಸಾಲದು. ನಾಲಗೆಯನ್ನು ‘ಲ’ ಜಾಗದಲ್ಲಿಟ್ಟು ಪಕ್ಕದಿಂದ ಗಾಳಿ ಊದಬೇಕು. ಮಗಳಿಗೆ ಕಾರಲ್ಲಿ ಅಭ್ಯಾಸ ಮಾಡಿಸಿ, ಎರಡು ಗಂಟೆ ಹೋಗುತ್ತೆ. ಕ್ಯಾಸ್ಕಬ್ ಚರ್ಚಿನಲ್ಲಿ ‘ಅಬ್ರಕಡಬ್ರ’ ಅಂತ ಬರೆದ ಹಳೆಯ ತಾಯಿತದ ಮಂತ್ರವೂ ಇದೆ. ದೆವ್ವ ಬಿಡಿಸಲು ಬರೆದದ್ದು.

ನಡಿಗೆಗೆ ವಿಂಬಲ್ ಒಂದೇ ಸಾಕು, ಅರ್ಧ ದಿನದ ಕೆಲಸ. ಇಳಿದ ಮೇಲೆ ಎ44ರ ಪಕ್ಕದ ಜಲಪಾತಕ್ಕೆ ಹೋಗಿ. ಹೆಸರು ‘ವಾಟರ್ ಬ್ರೇಕ್ ಇಟ್ಸ್ ನೆಕ್’, ನೀರು ಕತ್ತು ಮುರ್ಕೊಂಡ ಜಾಗ. ಜೋಗ ನೋಡಿದವರಿಗೆ ಅದು ನಲ್ಲಿ ಸೋರಿದ ಹಾಗೆ ಕಾಣಬಹುದು. ಆದರೆ ಪಾಚಿ ಕಟ್ಟಿದ ಆ ಕೊರಕಲು ಮಕ್ಕಳಿಗೆ ಇಷ್ಟ ಆಗುತ್ತೆ. ಮೇಲೆ ರೆಡ್ ಕೈಟ್ ಸುತ್ತುತ್ತಿರುತ್ತೆ. ಬೆಂಗಳೂರಿನ ಹದ್ದಿನ ದಾಯಾದಿ, ಬಣ್ಣ ಕೆಂಪು, ಬಾಲದ ಕವಲು ಇನ್ನೂ ಆಳ. ನೂರು ವರ್ಷದ ಹಿಂದೆ ಇಡೀ ಬ್ರಿಟನ್ನಿನಲ್ಲಿ ಇವು ಉಳಿದಿದ್ದದ್ದು ಈ ನಡು ವೇಲ್ಸಿನಲ್ಲಿ ಮಾತ್ರ, ಅದೂ ಕೆಲವೇ ಜೋಡಿ. ಈಗ ಎಣಿಸೋಕಾಗದಷ್ಟು.

ವೈದ್ಯನಾಗಿ ಒಂದು ಮಾತು. ಬ್ರ್ಯಾಕೆನ್ ಅನ್ನುವ ಎತ್ತರದ ಜರಿಗಿಡದಲ್ಲಿ ಉಣುಗು ಇರುತ್ತವೆ. ಮಲೆನಾಡಿನವರಿಗೆ ಮಂಗನ ಕಾಯಿಲೆ ಗೊತ್ತು, ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ಉಣುಗು ತರುವುದು ಲೈಮ್ ಕಾಯಿಲೆ. ಪ್ಯಾಂಟನ್ನು ಸಾಕ್ಸ್ ಒಳಗೆ ಸೇರಿಸಿ. ಮನೆಗೆ ಬಂದು ಮಗುವಿನ ಮಂಡಿ ಹಿಂದೆ, ಕಂಕುಳು, ಕೂದಲು ನೋಡಿ. ಕಚ್ಚಿದ್ದರೆ ಚೂಪು ಚಿಮಟದಿಂದ ಚರ್ಮಕ್ಕೆ ಒತ್ತಿ ಹಿಡಿದು ನೇರ ಎಳೆಯಿರಿ. ಎಣ್ಣೆ, ಬೆಂಕಿಕಡ್ಡಿ ಬೇಡ. ಮುಂದಿನ ವಾರಗಳಲ್ಲಿ ಸುತ್ತ ಕೆಂಪು ಬಳೆಯ ಹಾಗೆ ಹರಡಿದರೆ ಡಾಕ್ಟರ ಹತ್ತಿರ ಹೋಗಿ.

ಬಯಲುಸೀಮೆ ಬರ್ಮಿಂಗ್‌ಹ್ಯಾಮ್ (ಬುಧವಾರ, ರಾತ್ರಿ 8:10)

ಎಲ್ಲರಿಗೂ ಥ್ಯಾಂಕ್ಸ್. ದಿಕ್ಸೂಚಿ, ನಕ್ಷೆ ಎರಡೂ ತರಿಸಿದೆ ನಾಗವೇಣಿ ಅಕ್ಕ, ಇನ್ನು ಬೈಬೇಡಿ. ಅಪ್ಪ ಊರಿಗೆ ಹೊರಡೋದು 24ಕ್ಕೆ. ಅದಕ್ಕೂ ಮುಂಚೆ ಇನ್ನೊಂದು ಸಲ ಹೋಗಲೇಬೇಕು ಅಂತ ಹಟ. ಗ್ರೇಟ್ ರೋಸ್ ನೆತ್ತಿಯ ಸರ್ವೆ ಕಂಬ ಮುಟ್ಟಿಲ್ಲ ಅನ್ನೋದು ನನ್ನ ಸಂಕಟ. ಅವರಿಗೆ ಅದರ ಚಿಂತೆ ಇಲ್ಲ. ಆ ಕುರಿಯ ಎಡ ಕಿವಿ ಸ್ವಲ್ಪ ಹರಿದಿತ್ತಂತೆ, ಬೆನ್ನ ಮೇಲೆ ನೀಲಿ ಗುರುತಂತೆ, ಕಂಡರೆ ಗುರುತು ಹಿಡೀತಾರಂತೆ.

ಬರುವ ಶನಿವಾರ, ಬೆಳಿಗ್ಗೆ 6:30ಕ್ಕೆ ಹೊರಡ್ತೀವಿ. ಕಾರಲ್ಲಿ ಎರಡು ಸೀಟು ಖಾಲಿ ಇದೆ. ಕಾಫಿಪುಡಿಯವರೇ, ನೀವು ಆ ಕಡೆಯಿಂದ ಬಂದರೆ ಹತ್ತು ಗಂಟೆಗೆ ನ್ಯೂ ರಾಡ್ನರ್ ಚರ್ಚಿನ ಹತ್ತಿರ ಸಿಗಿ. ಚಪಾತಿ ನಮ್ಮದು, ಕಡಲೆಬೀಜದ ಚಟ್ನಿಪುಡಿ ಅಪ್ಪ ಊರಿಂದ ತಂದದ್ದು ಇದೆ.

ಕಾರ್ಡಿಫ್ ಕಾಫಿಪುಡಿ (ಬುಧವಾರ, ರಾತ್ರಿ 8:25)

ಬರ್ತೀವಿ. ಫ್ಲಾಸ್ಕಲ್ಲಿ ಕಾಫಿ ನಮ್ಮದು. ಮಗಳು ಆಗಲೇ ಸೋಫಾ ಮೇಲೆ ಅಂಗಾತ ಬಿದ್ದು ಕಾಲು ಆಡಿಸ್ತಾ ಇದ್ದಾಳೆ, ತಾತ ಬಂದು ಹೊರಳಿಸಬೇಕಂತೆ.